ಚೆಂಡು ಹಿಡಿದು ನಿಧಾನ ನಡೆದವನು

1958ರ ಜೂನ್ 29. ಸ್ವೀಡನ್‌ನ ಸ್ಟಾಕ್‌ಹೋಮ್ ಪಕ್ಕದಲ್ಲಿರೋ ರೋಸುಂದ ಸ್ಟೇಡಿಯಂ. ವಿಶ್ವಕಪ್ ಫುಟ್‌ಬಾಲ್ ಫೈನಲ್. ಒಂದು ಕಡೆ ಆತಿಥೇಯ ಸ್ವೀಡನ್, ಇನ್ನೊಂದು ಕಡೆ ಅಲ್ಲಿವರೆಗೆ ಒಂದು ಸಲವೂ ಕಪ್ ಗೆಲ್ಲದ ಬ್ರೆಜಿಲ್. ಮ್ಯಾಚ್ ಶುರುವಾಗಿ ನಾಲ್ಕೇ ನಿಮಿಷಕ್ಕೆ ಸ್ವೀಡನ್ ನಾಯಕ ಲೀಡ್‌ಹೋಮ್ ಗೋಲು ಹೊಡೆದುಬಿಟ್ಟ. ಇಡೀ ಟೂರ್ನಿಯಲ್ಲಿ ಬ್ರೆಜಿಲ್ ಹಿಂದೆ ಬಿದ್ದಿದ್ದು ಅದೇ ಮೊದಲು.

ನಾವಾಗಿದ್ರೆ ಏನು ಮಾಡ್ತಿದ್ವಿ? ಚೆಂಡನ್ನ ಎತ್ಕೊಂಡು ಸೆಂಟರ್‌ಗೆ ಓಡಿ, ಆದಷ್ಟು ಬೇಗ ಕಿಕ್-ಆಫ್ ಮಾಡಿ, ಗಾಬರಿಯಲ್ಲಿ ಇನ್ನೊಂದು ಗೋಲು ತಿಂತಿದ್ವಿ. ಬ್ರೆಜಿಲ್ ತಂಡದಲ್ಲೂ ಕೆಲವರಿಗೆ ಹಾಗೇ ಅವಸರ ಇತ್ತು. ಆದರೆ 29 ವರ್ಷದ ಒಬ್ಬ ಮಿಡ್‌ಫೀಲ್ಡರ್ ಚೆಂಡನ್ನು ಕೈಗೆ ತಗೊಂಡು, ಕಂಕುಳಲ್ಲಿ ಇಟ್ಕೊಂಡು, ತಲೆ ಎತ್ತಿ, ಸಂಜೆ ವಾಕಿಂಗ್ ಹೋಗೋರ ಹಾಗೆ ನಿಧಾನವಾಗಿ ಮೈದಾನದ ಮಧ್ಯಕ್ಕೆ ನಡೆದ. ದಾರಿಯಲ್ಲಿ ಸಿಕ್ಕ ತನ್ನ ಆಟಗಾರರಿಗೆಲ್ಲ ಧೈರ್ಯ ಹೇಳ್ತಾ ಹೋದ. ಅವನು ಸೆಂಟರ್ ತಲುಪೋ ಹೊತ್ತಿಗೆ ತಂಡದ ಉಸಿರು ಹಿಡಿತಕ್ಕೆ ಬಂದಿತ್ತು. ಐದು ನಿಮಿಷದಲ್ಲಿ ಬ್ರೆಜಿಲ್ ಸಮ ಮಾಡ್ತು. ಕೊನೆಗೆ 5-2ರಿಂದ ಗೆದ್ದು ಮೊದಲ ವಿಶ್ವಕಪ್ ಮನೆಗೆ ಒಯ್ಯಿತು.

ಆ ಫೈನಲ್ ಅಂದ್ರೆ ನಮಗೆಲ್ಲ ನೆನಪಾಗೋದು 17 ವರ್ಷದ ಪೆಲೆ. ಸರಿನೇ. ಆದರೆ ಆ ಟೂರ್ನಿಯ ಅತ್ಯುತ್ತಮ ಆಟಗಾರ ಅಂತ ಆಯ್ಕೆ ಆಗಿದ್ದು ಪೆಲೆ ಅಲ್ಲ, ಹಾಗೆ ನಿಧಾನವಾಗಿ ನಡೆದವನು. ಅವನ ಹೆಸರು ದಿದಿ. ಹೆಸರು ಕೇಳಿ ಹಿಂದಿಯ ಅಕ್ಕ ಅಂದ್ಕೋಬೇಡಿ, ಪೂರ್ತಿ ಹೆಸರು ವಾಲ್ದಿರ್ ಪೆರೇರಾ. ಈ ಲೇಖನ ಅವನ ಬಗ್ಗೆ, ಮತ್ತೆ ಅವನ ನಡಿಗೆಯ ಬಗ್ಗೆ.

ಗಾಲಿಕುರ್ಚಿಯಿಂದ ಮೈದಾನಕ್ಕೆ

ದಿದಿ ಹುಟ್ಟಿದ್ದು 1928ರ ಅಕ್ಟೋಬರ್ 8ರಂದು, ರಿಯೊ ಡಿ ಜನೈರೊ ರಾಜ್ಯದ ಕಾಂಪೋಸ್ ಅನ್ನೋ ಊರಲ್ಲಿ. ಸುತ್ತ ಕಬ್ಬಿನ ಗದ್ದೆ, ಸಕ್ಕರೆ ಕಾರ್ಖಾನೆ. ಬಡ ಕುಟುಂಬ, ಕಪ್ಪು ಬಣ್ಣ. ಬ್ರೆಜಿಲ್‌ನಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಹೋಗಿದ್ದೇ 1888ರಲ್ಲಿ. ಅಂದ್ರೆ ದಿದಿ ಹುಟ್ಟೋಕೆ ಬರೀ 40 ವರ್ಷ ಮುಂಚೆ.

ಬೀದಿಯಲ್ಲಿ ಫುಟ್‌ಬಾಲ್ ಆಡ್ತಾ ಬೆಳೆದ ಹುಡುಗನಿಗೆ 14ನೇ ವಯಸ್ಸಿನಲ್ಲಿ ಮಂಡಿಗೆ ಪೆಟ್ಟು ಬಿತ್ತು. ಗಾಯಕ್ಕೆ ಸೋಂಕು ತಗುಲಿತು. ಕಾಲು ಕತ್ತರಿಸಬೇಕಾಗಬಹುದು ಅನ್ನೋ ಮಟ್ಟಕ್ಕೆ ಹೋಯ್ತು. ಕಾಲೇನೋ ಉಳೀತು, ಆದರೆ ತಿಂಗಳುಗಟ್ಟಲೆ ಗಾಲಿಕುರ್ಚಿಯಲ್ಲಿ ಕೂತಿರಬೇಕಾಯ್ತು. ಮುಂದೆ ಇಡೀ ಜಗತ್ತು ನೋಡಿದ ಆ ನಡಿಗೆಯನ್ನ ಅವನು ಒಂದು ಸಲ ಮೊದಲಿಂದ ಕಲಿಯಬೇಕಾಗಿತ್ತು.

ಕಾಲು ಸರಿಯಾದ ಮೇಲೆ ಊರಿನ ಅಮೆರಿಕಾನೊ, ಆಮೇಲೆ ರಿಯೊದ ಮದುರೇರಾ ಅಂತ ಚಿಕ್ಕ ಚಿಕ್ಕ ಕ್ಲಬ್‌ಗಳಲ್ಲಿ ಆಡಿದ. 1949ರಲ್ಲಿ ರಿಯೊದ ದೊಡ್ಡ ಕ್ಲಬ್ ಫ್ಲುಮಿನೆನ್ಸೆ ಅವನನ್ನ ಕರ್ಕೊಂಡಿತು. ಅದು ಶ್ರೀಮಂತರ, ಮೇಲ್ವರ್ಗದ ಕ್ಲಬ್ ಅಂತಲೇ ಹೆಸರಾಗಿದ್ದು. ಅಲ್ಲಿ ಈ ಕಪ್ಪು ಹುಡುಗ ಮಿಡ್‌ಫೀಲ್ಡ್‌ನ ಯಜಮಾನ ಆದ. ಬೆನ್ನು ನೆಟ್ಟಗೆ, ಕುತ್ತಿಗೆ ನೇರ, ಓಡೋವಾಗಲೂ ಕಣ್ಣು ಕಾಲ ಮೇಲಲ್ಲ, ದೂರದಲ್ಲಿ. ನೆಲ್ಸನ್ ರೊಡ್ರಿಗಸ್ ಅನ್ನೋ ಪ್ರಸಿದ್ಧ ನಾಟಕಕಾರ ಆ ಗತ್ತು ನೋಡಿ ಅವನಿಗೆ ಇಥಿಯೋಪಿಯಾದ ರಾಜಕುಮಾರ ಅಂತ ಅಡ್ಡಹೆಸರು ಇಟ್ಟ.

ಮರಕಾನಾದ ಮೊದಲ ಗೋಲು, ಮರಕಾನಾದ ಗಾಯ

1950ರ ವಿಶ್ವಕಪ್‌ಗೆ ಅಂತಲೇ ರಿಯೊದಲ್ಲಿ ಮರಕಾನಾ ಸ್ಟೇಡಿಯಂ ಕಟ್ಟಿದ್ರು. ಜೂನ್ 16ರಂದು ರಿಯೊ ಮತ್ತು ಸಾವೊ ಪೌಲೊ ಯುವ ತಂಡಗಳ ನಡುವೆ ಉದ್ಘಾಟನಾ ಪಂದ್ಯ. ಅಷ್ಟು ದೊಡ್ಡ ಸ್ಟೇಡಿಯಂನಲ್ಲಿ ಮೊಟ್ಟಮೊದಲ ಗೋಲು ಹೊಡೆದವನು 21 ವರ್ಷದ ದಿದಿ. ಅವನ ತಂಡ 3-1ರಿಂದ ಸೋತಿತು, ಅದು ಬೇರೆ ಮಾತು.

ಸರಿಯಾಗಿ ಒಂದು ತಿಂಗಳಿಗೆ, ಜುಲೈ 16ರಂದು, ಅದೇ ಮೈದಾನದಲ್ಲಿ ಬ್ರೆಜಿಲ್ ಉರುಗ್ವೆಗೆ 2-1ರಿಂದ ಸೋತಿತು. ಡ್ರಾ ಮಾಡ್ಕೊಂಡಿದ್ರೂ ಕಪ್ ಅವರದೇ ಆಗಿತ್ತು. ಸುಮಾರು 2 ಲಕ್ಷ ಜನ ಮಾತಿಲ್ಲದೆ ಕೂತಿದ್ರು. ದಿದಿ ಆ ತಂಡದಲ್ಲಿ ಇರಲಿಲ್ಲ. ಆದರೆ ಆಮೇಲೆ ನಡೆದಿದ್ದು ಅವನಿಗೂ ತಟ್ಟಿತು. ಸೋಲಿನ ಹೊಣೆಯನ್ನ ಹೆಚ್ಚಾಗಿ ಹೊರಿಸಿದ್ದು ಗೋಲ್‌ಕೀಪರ್ ಬಾರ್ಬೋಸಾ, ಡಿಫೆಂಡರ್ ಬಿಗೋಡೆ ತರದ ಕಪ್ಪು ಆಟಗಾರರ ಮೇಲೆ. ಬಾರ್ಬೋಸಾ 2000ದಲ್ಲಿ ಸಾಯೋವರೆಗೂ ಆ ಒಂದು ಗೋಲಿನ ಮಾತು ಅವನನ್ನ ಬಿಡಲಿಲ್ಲ. ಪ್ರತಿಭೆ ಇರಬಹುದು, ಆದರೆ ಒತ್ತಡ ಬಂದಾಗ ಈ ಜನ ಕುಸಿದುಬಿಡ್ತಾರೆ ಅನ್ನೋ ಮಾತು ದೇಶದಲ್ಲೆಲ್ಲ ಹಬ್ಬಿತು. ಎಷ್ಟು ಕೆಟ್ಟ ಮಾತು ನೋಡಿ. ಒಂದು ಮ್ಯಾಚ್ ಸೋತಿದ್ದಕ್ಕೆ ಒಂದು ಇಡೀ ಜನಾಂಗದ ಮನಸ್ಸಿಗೇ ಫೇಲ್ ಅಂತ ಮಾರ್ಕ್ಸ್ ಹಾಕಿಬಿಟ್ರು.

1954ರಲ್ಲಿ ಸ್ವಿಟ್ಜರ್ಲೆಂಡ್ ವಿಶ್ವಕಪ್. ಹಳೇ ಬಿಳಿ ಜೆರ್ಸಿ ಬೇಡ ಅಂತ ಬ್ರೆಜಿಲ್ ಈಗ ನಾವು ನೋಡೋ ಹಳದಿ ಜೆರ್ಸಿ ಹಾಕ್ಕೊಂಡು ಹೋಯ್ತು. ದಿದಿ ಮೆಕ್ಸಿಕೊ ಮತ್ತು ಯುಗೊಸ್ಲಾವಿಯಾ ವಿರುದ್ಧ ಗೋಲು ಹೊಡೆದ. ಕ್ವಾರ್ಟರ್ ಫೈನಲ್‌ನಲ್ಲಿ ಹಂಗೇರಿ ಎದುರು 4-2 ಸೋಲು. ಆ ಪಂದ್ಯಕ್ಕೆ ಬರ್ನ್ ಕದನ ಅಂತಲೇ ಹೆಸರು. ಮೂರು ಜನಕ್ಕೆ ಮೈದಾನದಿಂದ ಗೇಟ್‌ಪಾಸ್, ಮುಗಿದ ಮೇಲೆ ಡ್ರೆಸ್ಸಿಂಗ್ ರೂಮ್‌ವರೆಗೂ ಹೊಡೆದಾಟ. ಒತ್ತಡದಲ್ಲಿ ಕುಸಿಯೋರು ಅನ್ನೋರಿಗೆ ಇನ್ನೊಂದು ನೆಪ ಸಿಕ್ಕಿತು. ಗಾಯದ ಮೇಲೆ ಬರೆ.

ಒಣಗಿದ ಎಲೆ

ಈಗ ನಮ್ಮ ಸಿಲಬಸ್‌ಗೆ ಹತ್ತಿರದ ಭಾಗ. ದಿದಿಯ ಫ್ರೀ ಕಿಕ್‌ಗೆ ಪೋರ್ಚುಗೀಸ್‌ನಲ್ಲಿ ಫೋಲ್ಯಾ ಸೇಕಾ ಅಂತ ಹೆಸರು. ಅಂದ್ರೆ ಒಣಗಿದ ಎಲೆ. ಮರದಿಂದ ಉದುರೋ ತರಗೆಲೆ ನೋಡಿದೀರಲ್ವಾ? ಗಾಳಿಯಲ್ಲಿ ಆ ಕಡೆ ಈ ಕಡೆ ಓಲಾಡಿ, ಎಲ್ಲಿ ಬೀಳುತ್ತೆ ಅಂತ ಗೊತ್ತಾಗೋ ಮೊದಲೇ ನೆಲಕ್ಕೆ ಬಿದ್ದಿರುತ್ತೆ. ದಿದಿ ಹೊಡೆದ ಚೆಂಡೂ ಹಾಗೇ. ಎದುರಿನ ಗೋಡೆ ದಾಟಿ ಮೇಲೆ ಹೋಗುತ್ತೆ, ಕ್ರಾಸ್‌ಬಾರ್ ಮೇಲಿಂದಲೇ ಆಚೆ ಹೋಯ್ತು ಅಂತ ಗೋಲ್‌ಕೀಪರ್ ಅಂದ್ಕೊಳ್ತಾನೆ, ಅಷ್ಟರಲ್ಲಿ ಸರಕ್ಕನೆ ಕೆಳಗೆ ಬಂದು ಬಲೆ ಸೇರಿರುತ್ತೆ. ಕಣಕಾಲು ನೋವಿದ್ದಾಗ ಮಾಮೂಲಿ ರೀತಿ ಒದೆಯೋಕೆ ಆಗದೆ, ನೋವಾಗದ ಕೋನ ಹುಡುಕ್ತಾ ಹುಡುಕ್ತಾ ಅವನಿಗೆ ಈ ಒದೆತ ಸಿಕ್ಕಿತು ಅನ್ನೋದು ಪ್ರಚಲಿತ ಕಥೆ.

ಚೆಂಡು ಯಾಕೆ ಹೀಗೆ ಬೀಳುತ್ತೆ? ಫ್ಲೂಯಿಡ್ ಮೆಕ್ಯಾನಿಕ್ಸ್ ಓದಿದವರು ಒಂದು ನಿಮಿಷ ಪುಸ್ತಕ ನೆನಪು ಮಾಡ್ಕೊಳ್ಳಿ. ಚೆಂಡು ಮುಂದಕ್ಕೆ ಉರುಳೋ ತರ ತಿರುಗ್ತಿದ್ರೆ, ಅದು ತನ್ನ ಸುತ್ತಲಿನ ಗಾಳಿಯನ್ನ ಮೇಲಕ್ಕೆ ತಳ್ಳುತ್ತೆ, ಗಾಳಿ ಚೆಂಡನ್ನ ಕೆಳಕ್ಕೆ ತಳ್ಳುತ್ತೆ. ಇದು ಮ್ಯಾಗ್ನಸ್ ಎಫೆಕ್ಟ್. ತಿರುಗೋದು ತುಂಬಾ ಕಡಿಮೆ ಇದ್ರೆ ಆಟ ಬೇರೆ. ಚೆಂಡಿನ ಹಿಂದೆ ಏಳೋ ಸುಳಿಗಳು ಒಂದೇ ಸಮ ಇರಲ್ಲ, ಅದಕ್ಕೇ ಚೆಂಡು ಎಡಕ್ಕೂ ಬಲಕ್ಕೂ ಅಲ್ಲಾಡುತ್ತೆ. ಜೊತೆಗೆ ವೇಗ ಒಂದು ಮಟ್ಟಕ್ಕಿಂತ ಇಳಿದಾಗ ಬೌಂಡರಿ ಲೇಯರ್ ಟರ್ಬ್ಯುಲೆಂಟ್‌ನಿಂದ ಲ್ಯಾಮಿನಾರ್ ಆಗಿ, ಬೇಗನೇ ಚೆಂಡಿನ ಮೈ ಬಿಟ್ಟುಬಿಡುತ್ತೆ. ಹಿಂದಿನ ವೇಕ್ ಅಗಲ ಆಗುತ್ತೆ, ಡ್ರ್ಯಾಗ್ ಒಮ್ಮೆಲೇ ಏರುತ್ತೆ. ಬ್ರೇಕ್ ಹಾಕಿದ ಹಾಗೆ ಚೆಂಡು ನಿಧಾನವಾಗಿ ಕೆಳಗೆ ಬೀಳುತ್ತೆ. ಇದನ್ನೆಲ್ಲ ನಾವು ವಿಂಡ್ ಟನಲ್ ಇಟ್ಕೊಂಡು ಓದ್ತೀವಿ. ದಿದಿಗೆ ಇದ್ದಿದ್ದು ಮಳೆ ಬಂದ್ರೆ ನೀರು ಕುಡಿದು ಭಾರ ಆಗೋ ಚರ್ಮದ ಚೆಂಡು, ಮತ್ತೆ ಸಾವಿರಾರು ಸಲ ಒದ್ದು ಕಲಿತ ಪಾದ. ಅಷ್ಟೇ.

ಆ ಒದೆತ ಎಷ್ಟು ಬೆಲೆಬಾಳುತ್ತೆ ಅಂತ ಬ್ರೆಜಿಲ್‌ಗೆ ಗೊತ್ತಾಗಿದ್ದು 1957ರ ಏಪ್ರಿಲ್ 21ರಂದು. 1958ರ ವಿಶ್ವಕಪ್‌ಗೆ ಹೋಗಬೇಕಾದ್ರೆ ಪೆರುವನ್ನ ಸೋಲಿಸಬೇಕು. ಲಿಮಾದಲ್ಲಿ ಆಡಿದ ಮೊದಲ ಪಂದ್ಯ 1-1. ಎರಡನೆಯದು ಮರಕಾನಾದಲ್ಲಿ. ದಿದಿಯ ಫ್ರೀ ಕಿಕ್, ಒಣಗಿದ ಎಲೆ ಬಿತ್ತು, 1-0. ಇಡೀ ಪಂದ್ಯಕ್ಕೆ ಅದೊಂದೇ ಗೋಲು. ಅದು ಬೀಳದೇ ಹೋಗಿದ್ರೆ 1958ರಲ್ಲಿ ಪೆಲೆ ಸ್ವೀಡನ್‌ಗೆ ಹೋಗ್ತಿದ್ನಾ ಅನ್ನೋದೇ ಅನುಮಾನ. ಪೆರು ಅನ್ನೋ ಹೆಸರು ನೆನಪಿಟ್ಕೊಳ್ಳಿ, ಮತ್ತೆ ಬರುತ್ತೆ.

ಹರಕೆ ತೀರಿಸಿದ ನಡಿಗೆ

1956ರಲ್ಲಿ ದಿದಿ ಫ್ಲುಮಿನೆನ್ಸೆ ಬಿಟ್ಟು ಅದೇ ಊರಿನ ಬೊಟಾಫೊಗೊ ಸೇರಿದ್ದ. ಅಲ್ಲಿ ಡಿಫೆನ್ಸ್‌ನಲ್ಲಿ ನಿಲ್ಟನ್ ಸ್ಯಾಂಟೋಸ್, ಬಲಗಡೆ ವಿಂಗ್‌ನಲ್ಲಿ ಸೊಟ್ಟ ಕಾಲಿನ ಮಾಯಗಾರ ಗರಿಂಚಾ. ಆದರೆ ಕ್ಲಬ್ 1948ರಿಂದ ರಿಯೊ ಚಾಂಪಿಯನ್‌ಶಿಪ್ ಗೆದ್ದಿರಲಿಲ್ಲ. ನಾವು ಗೆದ್ದರೆ ಮರಕಾನಾದಿಂದ ಮನೆವರೆಗೆ ಆಟದ ಬಟ್ಟೆಯಲ್ಲೇ ನಡ್ಕೊಂಡು ಹೋಗ್ತೀನಿ ಅಂತ ದಿದಿ ಹರಕೆ ಹೊತ್ತ.

1957ರ ಡಿಸೆಂಬರ್‌ನಲ್ಲಿ ಕೊನೆ ಪಂದ್ಯ. ಎದುರಾಳಿ ಬೇರೆ ಯಾರೂ ಅಲ್ಲ, ಅವನ ಹಳೇ ಕ್ಲಬ್ ಫ್ಲುಮಿನೆನ್ಸೆ. ಬೊಟಾಫೊಗೊ 6-2ರಿಂದ ಗೆದ್ದಿತು. ಪೌಲಿನ್ಯೊ ಒಬ್ಬನೇ ಐದು ಗೋಲು. ಪಂದ್ಯ ಮುಗಿದ ಮೇಲೆ ದಿದಿ ಜೆರ್ಸಿ, ಚಡ್ಡಿಯಲ್ಲೇ ಬೀದಿಗಿಳಿದ. ಹಿಂದೆ ಅಭಿಮಾನಿಗಳ ಮೆರವಣಿಗೆ. ಕಾಲು ಹೋಗುತ್ತೆ ಅಂತ ಹೆದರಿಸಿಕೊಂಡಿದ್ದ ಹುಡುಗ ರಿಯೊ ಬೀದಿಗಳಲ್ಲಿ ರಾಜನ ಹಾಗೆ ನಡೆದ.

ಸ್ವೀಡನ್

ಇಷ್ಟೆಲ್ಲ ಆದರೂ 1958ರಲ್ಲಿ ದಿದಿಗೆ ತಂಡದಲ್ಲಿ ಜಾಗ ಸಲೀಸಾಗಿ ಸಿಗಲಿಲ್ಲ. ವಯಸ್ಸಾಯ್ತು, ಸೋಮಾರಿ, ಪ್ರಾಕ್ಟೀಸ್‌ನಲ್ಲಿ ಬೆವರು ಹರಿಸಲ್ಲ ಅಂತೆಲ್ಲ ಟೀಕೆ. ಅವನ ಲೆಕ್ಕ ಬೇರೆ ಇತ್ತು. ಮನುಷ್ಯ ಎಷ್ಟು ಓಡಿದ್ರೂ ಚೆಂಡಿಗಿಂತ ಜೋರಾಗಿ ಓಡೋಕಾಗಲ್ಲ, ಹಾಗಿರುವಾಗ ಚೆಂಡನ್ನೇ ಓಡಿಸೋದು ಜಾಣತನ. ಬ್ರೆಜಿಲ್ ಆಗ ಆಡ್ತಿದ್ದ 4-2-4 ಪದ್ಧತಿಯಲ್ಲಿ ಮಧ್ಯದಲ್ಲಿ ಇರೋರು ಇಬ್ಬರೇ. ಕೊನೆಗೆ ಆ ಜಾಗ ಝಿಟೊ ಮತ್ತು ದಿದಿಯದಾಯ್ತು. ಝಿಟೊ ಓಡಿ ಚೆಂಡು ಕಿತ್ಕೊಂಡು ಬರ್ತಿದ್ದ, ದಿದಿ ಅದನ್ನ 40 ಗಜ ದೂರದ ಕಾಲಿಗೆ ತಲುಪಿಸ್ತಿದ್ದ.

ತಂಡದ ಜೊತೆ ಒಬ್ಬ ಮನಃಶಾಸ್ತ್ರಜ್ಞನನ್ನೂ ಕಳಿಸಿದ್ರು. ಅವನು ಆಟಗಾರರಿಗೆಲ್ಲ ಟೆಸ್ಟ್ ಮಾಡಿ, ಪೆಲೆ ಇನ್ನೂ ಮಗು, ಗರಿಂಚಾಗೆ ದೊಡ್ಡ ಪಂದ್ಯಕ್ಕೆ ಬೇಕಾದ ಹೊಣೆಗಾರಿಕೆ ಇಲ್ಲ ಅನ್ನೋ ಅರ್ಥದ ವರದಿ ಕೊಟ್ಟ. ಅದೇ ಹಳೇ ಭಯ, ಈ ಸಲ ಪೇಪರ್ ಮೇಲೆ. ಕೋಚ್ ಫಿಯೋಲಾ ಅದನ್ನ ಪಕ್ಕಕ್ಕಿಟ್ಟು, ಸೋವಿಯತ್ ಒಕ್ಕೂಟದ ವಿರುದ್ಧ ಇಬ್ಬರನ್ನೂ ಇಳಿಸಿದ. ಮೂರನೇ ನಿಮಿಷಕ್ಕೇ ದಿದಿ ಕೊಟ್ಟ ಪಾಸ್‌ನಲ್ಲಿ ವಾವಾ ಗೋಲು ಹೊಡೆದ. ಸೆಮಿಫೈನಲ್‌ನಲ್ಲಿ ಫ್ರಾನ್ಸ್ ಎದುರು 1-1 ಆಗಿದ್ದಾಗ ದೂರದಿಂದ ಹೊಡೆದು ತಂಡವನ್ನ ಮುಂದೆ ಮಾಡಿದವನು ದಿದಿ. ಆಮೇಲೆ ಪೆಲೆ ಮೂರು ಗೋಲು ಹೊಡೆದ. ಪೇಪರ್‌ನವರಿಗೆ ಆ ಮೂರೇ ನೆನಪಲ್ಲಿ ಉಳೀತು.

ಫೈನಲ್‌ಗೆ ಇನ್ನೊಂದು ತಲೆನೋವು. ಸ್ವೀಡನ್ ಜೆರ್ಸಿನೂ ಹಳದಿ. ಬ್ರೆಜಿಲ್ ಬಣ್ಣ ಬದಲಿಸಬೇಕಾಯ್ತು. ಅಲ್ಲೇ ಅಂಗಡಿಯಲ್ಲಿ ನೀಲಿ ಜೆರ್ಸಿ ಕೊಂಡು, ಹಳದಿ ಜೆರ್ಸಿಯ ಲಾಂಛನ ಬಿಚ್ಚಿ ಇದಕ್ಕೆ ಹೊಲಿದ್ರು. ಅಪಶಕುನ ಅಂತ ಕೆಲವರ ಮುಖ ಬಾಡಿತು. ನೀಲಿ ಅಂದ್ರೆ ಬ್ರೆಜಿಲ್‌ನ ಕಾಯೋ ಮಾತೆ ಮೇರಿಯ ಸೆರಗಿನ ಬಣ್ಣ ಅಂತ ತಂಡದ ಮುಖ್ಯಸ್ಥ ಸಮಾಧಾನ ಮಾಡಿದ. ಇಂಥ ಮನಸ್ಥಿತಿಯಲ್ಲಿ ಇಳಿದ ತಂಡಕ್ಕೆ ನಾಲ್ಕನೇ ನಿಮಿಷಕ್ಕೆ ಗೋಲು ಬಿದ್ರೆ ಹೇಗಿರಬೇಕು?

ಈಗ ಆ ನಡಿಗೆಯನ್ನ ಇನ್ನೊಂದು ಸಲ ನೋಡಿ. ಅದು ಬರೀ ಸ್ಟೈಲ್ ಅಲ್ಲ. ಎಂಟು ವರ್ಷದಿಂದ ಇವರಿಗೆ ಎದೆಗಾರಿಕೆ ಇಲ್ಲ ಅಂತ ಅನ್ನಿಸಿಕೊಂಡು ಬಂದಿದ್ದ ಜನರಲ್ಲಿ ಒಬ್ಬ, ಇಡೀ ಸ್ಟೇಡಿಯಂ ಕೂಗ್ತಿರೋವಾಗ, ಮೈದಾನದಲ್ಲಿ ಎಲ್ಲರಿಗಿಂತ ಶಾಂತವಾಗಿ ನಡೀತಿದ್ದಾನೆ. ವಾದ ಮಾಡಲಿಲ್ಲ, ಭಾಷಣ ಮಾಡಲಿಲ್ಲ. ನಡೆದ, ಅಷ್ಟೇ. ಯುರೋಪ್ ನೆಲದಲ್ಲಿ ದಕ್ಷಿಣ ಅಮೆರಿಕದ ತಂಡವೊಂದು ವಿಶ್ವಕಪ್ ಗೆದ್ದಿದ್ದು ಅದೇ ಮೊದಲು.

ಮ್ಯಾಡ್ರಿಡ್‌ನಲ್ಲಿ ಬ್ಯಾಕ್‌ಲಾಗ್

ವಿಶ್ವದ ಅತ್ಯುತ್ತಮ ಮಿಡ್‌ಫೀಲ್ಡರ್‌ನ ವಿಶ್ವದ ಅತ್ಯುತ್ತಮ ಕ್ಲಬ್ ಬಿಡುತ್ತಾ? 1959ರಲ್ಲಿ ರಿಯಲ್ ಮ್ಯಾಡ್ರಿಡ್ ಅವನನ್ನ ಕೊಂಡಿತು. ಆಗ ಸತತ ನಾಲ್ಕು ಯುರೋಪಿಯನ್ ಕಪ್ ಗೆದ್ದಿದ್ದ ತಂಡ ಅದು. ಪುಸ್ಕಾಸ್ ಇದ್ದ, ಖೆಂಟೊ ಇದ್ದ. ಎಲ್ಲಕ್ಕಿಂತ ಮೇಲೆ ಅರ್ಜೆಂಟೀನಾ ಮೂಲದ ಆಲ್ಫ್ರೆಡೊ ಡಿ ಸ್ಟೆಫಾನೊ ಇದ್ದ.

ಸಮಸ್ಯೆ ಇದ್ದಿದ್ದೇ ಅಲ್ಲಿ. ಡಿ ಸ್ಟೆಫಾನೊ ಹೆಸರಿಗೆ ಫಾರ್ವರ್ಡ್, ಆದರೆ ಇಡೀ ಮೈದಾನ ಓಡಾಡಿ, ಹಿಂದಕ್ಕೆ ಬಂದು ಚೆಂಡು ತಗೊಂಡು, ಆಟ ನಡೆಸೋದೆಲ್ಲ ಅವನೇ. ಬೇರೆಯವರೂ ತನ್ನ ಹಾಗೇ ಓಡಬೇಕು ಅನ್ನೋನು. ದಿದಿಗೂ ಬೇಕಾಗಿದ್ದು ಅದೇ ಮಧ್ಯದ ಜಾಗ, ಆದರೆ ಅವನ ಲಯ ನಿಧಾನದ್ದು. ಒಂದೇ ಸಿಸ್ಟಮ್‌ಗೆ ಎರಡು ಕಂಟ್ರೋಲರ್ ಹಾಕಿದ ಹಾಗಾಯ್ತು. ಇಬ್ಬರ ನಡುವೆ ಹೊಂದಲಿಲ್ಲ. ಆ ಡ್ರೆಸ್ಸಿಂಗ್ ರೂಮಿನಲ್ಲಿ ಡಿ ಸ್ಟೆಫಾನೊಗೆ ಎದುರು ಮಾತೇ ಇರಲಿಲ್ಲ. 1960ರ ಮೇ ತಿಂಗಳಲ್ಲಿ ಮ್ಯಾಡ್ರಿಡ್ ಫ್ರಾಂಕ್‌ಫರ್ಟ್ ತಂಡವನ್ನ 7-3ರಿಂದ ಸೋಲಿಸಿ ಐದನೇ ಕಪ್ ಗೆದ್ದಾಗ ದಿದಿ ಆಡೋ ಹನ್ನೊಂದರಲ್ಲಿ ಇರಲಿಲ್ಲ. ಅದೇ ವರ್ಷ ವಾಪಸ್ ಬೊಟಾಫೊಗೊಗೆ ಬಂದ.

ದಿದಿಯ ಬಗ್ಗೆ ಬರೆಯೋರು ಈ ವರ್ಷವನ್ನ ಬೇಗ ಬೇಗ ದಾಟಿಬಿಡ್ತಾರೆ. ನನಗೆ ಮಾತ್ರ ಇದೇ ಮುಖ್ಯ ಅನ್ಸುತ್ತೆ. ಊರಲ್ಲಿ ಟಾಪರ್ ಆಗಿದ್ದು, ದೊಡ್ಡ ಕ್ಯಾಂಪಸ್‌ಗೆ ಬಂದು ಮೊದಲ ಸೆಮ್‌ನಲ್ಲೇ ಮುಗ್ಗರಿಸಿದವರು ನಮ್ಮಲ್ಲಿ ಎಷ್ಟು ಜನ ಇಲ್ಲ? ಆಗ ಎರಡು ದಾರಿ. ನಾನು ಮೊದಲಿಂದಲೂ ದಂಡ ಅಂದ್ಕೊಳ್ಳೋದು, ಇಲ್ಲಾ ಜಾಗ ಹೊಂದಲಿಲ್ಲ ಅಷ್ಟೇ ಅಂತ ಚೆಂಡು ಎತ್ಕೊಂಡು ಸೆಂಟರ್‌ಗೆ ನಡೆಯೋದು. ದಿದಿ ಎರಡನೆಯದು ಮಾಡಿದ. 1961 ಮತ್ತು 1962ರಲ್ಲಿ ಬೊಟಾಫೊಗೊ ಮತ್ತೆ ರಿಯೊ ಚಾಂಪಿಯನ್.

ಚಿಲಿ, ಇನ್ನೊಂದು ಸಲ

1962ರ ಚಿಲಿ ವಿಶ್ವಕಪ್ ಹೊತ್ತಿಗೆ ದಿದಿಗೆ 33. ಎರಡನೇ ಪಂದ್ಯದಲ್ಲೇ ಪೆಲೆ ಗಾಯಗೊಂಡು ಹೊರಗೆ ಹೋದ. ಮುಂದಿನ ಪಂದ್ಯ ಯಾರ ಜೊತೆ ಗೊತ್ತಾ? ಸ್ಪೇನ್. ಆ ತಂಡದ ಪಟ್ಟಿಯಲ್ಲಿ ಡಿ ಸ್ಟೆಫಾನೊ ಹೆಸರು ಇತ್ತು. ಆದರೆ ಅವನಿಗೂ ಗಾಯ, ಇಡೀ ಟೂರ್ನಿಯಲ್ಲಿ ಒಂದು ನಿಮಿಷವೂ ಆಡೋಕಾಗಲಿಲ್ಲ. ಬ್ರೆಜಿಲ್ ಹಿಂದೆ ಬಿದ್ದು, ಪೆಲೆ ಜಾಗಕ್ಕೆ ಬಂದ ಅಮಾರಿಲ್ಡೊನ ಎರಡು ಗೋಲಿಂದ 2-1 ಗೆದ್ದಿತು. ಸ್ಪೇನ್ ಮನೆಗೆ ಹೋಯ್ತು.

ಫೈನಲ್‌ನಲ್ಲಿ ಚೆಕೊಸ್ಲೊವಾಕಿಯಾ. ಮತ್ತೆ ಅದೇ ಕಥೆ, ಮಸೋಪುಸ್ತ್ 15ನೇ ನಿಮಿಷಕ್ಕೆ ಮೊದಲ ಗೋಲು ಹೊಡೆದ. ಈ ಸಲ ಯಾರಿಗೂ ಗಾಬರಿ ಇರಲಿಲ್ಲ. ಎರಡೇ ನಿಮಿಷದಲ್ಲಿ ಸಮ, ಕೊನೆಗೆ 3-1. ನಾಲ್ಕು ವರ್ಷದ ಹಿಂದೆ ಒಬ್ಬನ ಹತ್ರ ಇದ್ದ ಶಾಂತಿ ಈಗ ಇಡೀ ತಂಡದ್ದಾಗಿತ್ತು. ಎರಡು ವಿಶ್ವಕಪ್ ಗೆದ್ದು ದಿದಿ ಬ್ರೆಜಿಲ್ ತಂಡಕ್ಕೆ ವಿದಾಯ ಹೇಳಿದ.

ಪೆರುವಿನ ಸಾಲ

ಆಟ ಮುಗಿಸಿ ಕೋಚ್ ಆದ. ಎಲ್ಲಿ? ತನ್ನ ಒಂದು ಫ್ರೀ ಕಿಕ್‌ನಿಂದ ಯಾವ ದೇಶದ ವಿಶ್ವಕಪ್ ಕನಸು ಒಡೆದಿದ್ನೋ ಅಲ್ಲೇ! ಲಿಮಾದ ಸ್ಪೋರ್ಟಿಂಗ್ ಕ್ರಿಸ್ಟಲ್ ಕ್ಲಬ್, ಆಮೇಲೆ ಪೆರು ರಾಷ್ಟ್ರೀಯ ತಂಡ. 1969ರಲ್ಲಿ ಬ್ಯೂನಸ್ ಐರಿಸ್‌ಗೇ ಹೋಗಿ ಅರ್ಜೆಂಟೀನಾ ಜೊತೆ 2-2 ಡ್ರಾ ಮಾಡ್ಕೊಂಡು, ಅವರನ್ನ ಹೊರಗೆ ಹಾಕಿ, ಪೆರು 1970ರ ಮೆಕ್ಸಿಕೊ ವಿಶ್ವಕಪ್‌ಗೆ ಅರ್ಹತೆ ಪಡೀತು. ಅರ್ಹತಾ ಸುತ್ತು ಆಡಿ ಗೆದ್ದು ಹೋಗಿದ್ದು ಪೆರುವಿಗೆ ಅದೇ ಮೊದಲ ಸಲ.

ಮೊದಲ ಪಂದ್ಯಕ್ಕೆ ಎರಡು ದಿನ ಮುಂಚೆ, ಮೇ 31ರಂದು, ಪೆರುವಿನಲ್ಲಿ ಭೀಕರ ಭೂಕಂಪ. ಹಿಮಗಡ್ಡೆ ಕುಸಿದು ಯುಂಗಾಯ್ ಅನ್ನೋ ಊರಿಗೆ ಊರೇ ಮುಚ್ಚಿಹೋಯ್ತು. ಸತ್ತವರು ಸುಮಾರು 70 ಸಾವಿರ. ಮನೆಯವರು ಬದುಕಿದ್ದಾರೋ ಇಲ್ವೋ ಅನ್ನೋ ಆತಂಕದಲ್ಲೇ ಹುಡುಗರು ಬಲ್ಗೇರಿಯಾ ಎದುರು ಇಳಿದ್ರು. 49ನೇ ನಿಮಿಷಕ್ಕೆ 2-0 ಹಿಂದೆ. ಅಲ್ಲಿಂದ ಎದ್ದು ಮೂರು ಗೋಲು ಹೊಡೆದು 3-2ರಿಂದ ಗೆದ್ರು. ಗೆಲುವಿನ ಗೋಲು 21 ವರ್ಷದ ಕುಬಿಲ್ಲಾಸ್‌ದು. ಹಿಂದೆ ಬಿದ್ದಾಗ ಏನು ಮಾಡಬೇಕು ಅನ್ನೋದನ್ನ ಹೇಳಿಕೊಡೋಕೆ ಆ ಬೆಂಚಿನಲ್ಲಿ ಕೂತಿದ್ದವನಿಗಿಂತ ಒಳ್ಳೇ ಮೇಷ್ಟ್ರು ಇನ್ಯಾರು ಸಿಗ್ತಿದ್ರು?

ಕ್ವಾರ್ಟರ್ ಫೈನಲ್‌ನಲ್ಲಿ ಎದುರಾಗಿದ್ದು ಬ್ರೆಜಿಲ್. ಆ ಕಡೆ ಮೈದಾನದಲ್ಲಿ ಪೆಲೆ, ಬೆಂಚಿನಲ್ಲಿ ಕೋಚ್ ಆಗಿ ಹಳೇ ಗೆಳೆಯ ಝಗಾಲೊ. ಪೆರು ಎದೆಗೊಟ್ಟು ಆಡಿ 4-2ರಿಂದ ಸೋತಿತು. ಇವತ್ತಿಗೂ ಪೆರುವಿನ ಜನ ಆ ತಂಡವನ್ನ ಪ್ರೀತಿಯಿಂದ ನೆನೆಸ್ತಾರೆ. ಆಮೇಲೆ ದಿದಿ ಟರ್ಕಿಯ ಫೆನರ್‌ಬಾಚೆಗೆ 1974, 1975 ಎರಡೂ ವರ್ಷ ಲೀಗ್ ಗೆಲ್ಲಿಸಿದ. 2001ರ ಮೇ 12ರಂದು, 72ನೇ ವಯಸ್ಸಿನಲ್ಲಿ, ರಿಯೊದಲ್ಲೇ ತೀರಿಕೊಂಡ.

ಕೊನೆಗೆ

ಯೂಟ್ಯೂಬ್‌ನಲ್ಲಿ 1958ರ ಫೈನಲ್‌ನ ಕಪ್ಪು-ಬಿಳುಪು ವಿಡಿಯೋ ಸಿಗುತ್ತೆ. ಎಲ್ಲರೂ ಪೆಲೆ ಡಿಫೆಂಡರ್ ತಲೆ ಮೇಲಿಂದ ಚೆಂಡು ಹಾರಿಸಿ ಹೊಡೆದ ಗೋಲಿಗೆ ಫಾರ್ವರ್ಡ್ ಮಾಡ್ತಾರೆ. ನೀವು ಮಾಡಬೇಡಿ. ಸ್ವೀಡನ್‌ನ ಮೊದಲ ಗೋಲು ಆದ ಮೇಲಿನ ಆಟ ನೋಡಿ. ಹೈಲೈಟ್ಸ್ ಕತ್ತರಿಸೋರಿಗೆ ಅದರಲ್ಲಿ ಏನೂ ಕಾಣಲ್ಲ, ಗೋಲು ಇಲ್ಲ, ಡ್ರಿಬ್ಲಿಂಗ್ ಇಲ್ಲ. ಆದರೆ ಬ್ರೆಜಿಲ್ ಗೆದ್ದಿದ್ದು ಅಲ್ಲೇ.

ನಮ್ಮ ಕಾಲೇಜಲ್ಲಿ ಎಲ್ಲರೂ ಓಡ್ತಾನೇ ಇರ್ತೀವಿ. ಇಂಟರ್ನಲ್ಸ್‌ನಲ್ಲಿ ಒಂದು ಪೇಪರ್ ಕೈಕೊಟ್ರೆ, ಮುಂದಿನ ಪೇಪರ್‌ಗೆ ಇನ್ನೂ ಗಾಬರಿಯಿಂದ ಓಡ್ತೀವಿ. ದಿದಿ ಸೋತಾಗ ಓಡಲಿಲ್ಲ. ಹಾಗಂತ ಕೂತ್ಕೊಳ್ಳಲೂ ಇಲ್ಲ. ಚೆಂಡು ಎತ್ಕೊಂಡ, ಜೊತೆಗಿದ್ದೋರನ್ನ ಮಾತಾಡಿಸ್ದ, ನಡೆದ. ಇನ್ನೂ 86 ನಿಮಿಷ ಬಾಕಿ ಇತ್ತು.